ತಿಂದ ಇಲಿ ಯಾವುದು?

ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕೂತು ಓದುತ್ತಿರುವ ಅಜ್ಜ ಅಜ್ಜಿಯರೇ,

ಈ ವಾರ 'ಕೊಡೆ' ಎಂಬ ಪದದ ಬೆನ್ನು ಹತ್ತೋಣ ಎಂದು ಹೋದ ವಾರ ಹೇಳಿದ್ದೆ. ಮಳೆ ಬಂತು, ಅಟ್ಟದ ಮೇಲಿದ್ದ ಕೊಡೆಯೂ ಕೆಳಗಿಳಿಯಿತು. ಆದರೂ ಅದು ಇನ್ನೊಂದು ವಾರ ಕಾಯಬೇಕು. ಕಾರಣ, ಕಳೆದ ಗುರುವಾರ ಸಂಜೆ ನಮ್ಮ ಮನೆಗೆ ಬಂದ ಒಂದು ಹಳದಿ ಕಾರ್ಡು.

ಆರನೇ ತರಗತಿಯ ನಮ್ಮ ಮೊಮ್ಮಗಳ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆದಿತ್ತು. ಕಣ್ಣು ಸರಿ, ಹಲ್ಲಿನಲ್ಲಿ ಒಂದು ಹುಳುಕು, ಕಿವಿ ಸರಿ. ಎತ್ತರ ಇಷ್ಟು, ತೂಕ ಇಷ್ಟು. ಕೊನೆಯ ಸಾಲಿನಲ್ಲಿ ಇಂಗ್ಲಿಷಿನ ಒಂದೇ ಒಂದು ಪದ, 'ಒಬೀಸ್'. ಅದರ ಕೆಳಗೆ ಕೆಂಪು ಶಾಯಿಯ ಗೆರೆ. ಸೋಮವಾರದೊಳಗೆ ಮನೆಯವರ ಸಹಿ ಹಾಕಿಸಿ ತರಬೇಕು. ಅಪ್ಪ ಅಮ್ಮ ಇಬ್ಬರೂ ಕೆಲಸದಿಂದ ಬರುವುದು ತಡವಾದ್ದರಿಂದ ಇಂಥ ಸಹಿಗಳೆಲ್ಲ ನನ್ನ ಪಾಲಿಗೇ.

ಹುಡುಗಿ ಬ್ಯಾಗು ಇಳಿಸಲಿಲ್ಲ, ಕಾಲೂ ತೊಳೆಯಲಿಲ್ಲ. ಬಂದು ಎದುರಿಗೆ ನಿಂತಳು.

"ತಾತ, ಒಬೀಸ್ ಅಂದ್ರೇನು?"

ಮೂವತ್ತು ವರ್ಷ ಮಕ್ಕಳಿಗೆ ಪದಗಳ ಅರ್ಥ ಹೇಳಿ ಸಂಬಳ ತೆಗೆದುಕೊಂಡವನು ನಾನು. ಈಗಲೂ ಇಲ್ಲಿ ವಾರವಾರ ಅದನ್ನೇ ಮಾಡುತ್ತೇನೆ. ಆದರೂ ಆ ಹೊತ್ತಿಗೆ ನಾನು ಮಾಡಿದ್ದೇನು ಗೊತ್ತೆ? "ಕನ್ನಡಕ ಎಲ್ಲಿಟ್ಟೆನೋ, ಹುಡುಕಿ ಆಮೇಲೆ ನೋಡ್ತೀನಿ ಪುಟ್ಟಿ" ಅಂದುಬಿಟ್ಟೆ. ಕನ್ನಡಕ ಮೂಗಿನ ಮೇಲೇ ಇತ್ತು.

ರಾತ್ರಿ ಅವಳು ಊಟಕ್ಕೆ ಏಳಲಿಲ್ಲ. ಹುರುಳಿಕಾಳಿನ ಬಸ್ಸಾರು, ಮುದ್ದೆ. ಎರಡೂ ಅವಳಿಗೆ ಪ್ರಾಣ. ಅವಳಜ್ಜಿ ಮೂರು ಸಲ ಕರೆದಳು. ನಾನು ಹೋಗಿ ಪಕ್ಕದಲ್ಲಿ ಕೂತ ಮೇಲೆ ಬಾಯಿಬಿಟ್ಟಳು.

"ನಂಗೆ ಅರ್ಥ ಗೊತ್ತು ತಾತ. ಕಾರ್ಡ್ ಹಂಚುವಾಗ ಹಿಂದಿನ ಬೆಂಚಿನವರು ಜೋರಾಗಿ ಓದಿದ್ರು. ನೀನೇನು ಹೇಳ್ತೀಯೋ ನೋಡೋಣ ಅಂತ ಕೇಳಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು. "ನೀನು ನನ್ನ ಗುಂಡಮ್ಮ ಅಂತೀಯಲ್ಲ, ಕಾರ್ಡಲ್ಲಿ ಬರೆದಿರೋದೂ ಅದೇನಾ?"

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಎದ್ದು ನಿಘಂಟುಗಳನ್ನು ತೆಗೆದೆ. ಮರುದಿನದಿಂದ ಅವಳಿಗೆ ಸ್ವಲ್ಪಸ್ವಲ್ಪವಾಗಿ ಹೇಳಿದ್ದನ್ನು ಈಗ ನಿಮಗೂ ಹೇಳುತ್ತೇನೆ.

ಒಬೀಸಿಟಿ ಎಂಬ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. 1611ರಲ್ಲಿ ರಾಂಡಲ್ ಕಾಟ್‌ಗ್ರೇವ್ ಎಂಬಾತ ಅಚ್ಚು ಹಾಕಿಸಿದ ಫ್ರೆಂಚ್ ಮತ್ತು ಇಂಗ್ಲಿಷ್ ನಿಘಂಟಿನಲ್ಲಿ ಅದು ಇಂಗ್ಲಿಷ್ ವೇಷದಲ್ಲಿ ಕಾಣಿಸಿಕೊಂಡಿತು. 'ಒಬೀಸ್' ಎಂಬ ಗುಣವಾಚಕ ಇನ್ನೂ ಕೆಲವು ದಶಕ ಕಳೆದು ಬಂತು. ಅಂದರೆ ಮಗುವಿನ ಹಿಂದೆ ತಾಯಿ ಬಂದ ಹಾಗೆ! ಫ್ರೆಂಚಿಗೆ ಅದು ಬಂದದ್ದು ಲ್ಯಾಟಿನ್ನಿನಿಂದ. ಅಲ್ಲಿ 'ಒಬೇಸುಸ್' ಎಂದರೆ ದಪ್ಪಗಿರುವವನು. ಅದನ್ನು ಬಿಡಿಸಿದರೆ ಎರಡು ತುಂಡು. 'ಎಡೆರೆ' ಎಂದರೆ ತಿನ್ನು. ಅದರ ಹಿಂದೆ ಅಂಟಿಕೊಂಡ 'ಒಬ್' ಎಂಬ ಪುಟ್ಟ ಪ್ರತ್ಯಯಕ್ಕೆ ಇಲ್ಲಿ 'ಪೂರ್ತಿಯಾಗಿ' ಎಂಬ ಒತ್ತು. ಎರಡೂ ಸೇರಿ 'ಒಬೆಡೆರೆ'. ಕನ್ನಡದಲ್ಲಿ ಇದಕ್ಕೆ ತಕ್ಕ ಮಾತು ನಮಗೆಲ್ಲ ಗೊತ್ತು: ತಿಂದುಹಾಕು. "ಡಬ್ಬಿಯಲ್ಲಿದ್ದ ಚಕ್ಕುಲಿಯನ್ನೆಲ್ಲ ತಿಂದುಹಾಕಿದ" ಅನ್ನುತ್ತೇವಲ್ಲ, ಅದೇ.

ಇಷ್ಟು ಹೇಳಿದ ಕೂಡಲೆ ಮೊಮ್ಮಗಳ ಮುಖ ಸಣ್ಣದಾಯಿತು. "ಹಂಗಾದ್ರೆ ಒಬೀಸ್ ಅಂದ್ರೆ ತಿಂದುಹಾಕಿದವಳು ಅಂತ."

ತಡಿ, ಅಂದೆ. ಕತೆ ಇರುವುದೇ ಮುಂದೆ.

ಈಗ ನಿಮಗೊಂದು ಒಗಟು. 'ತಿಂದ ಇಲಿ' ಎಂದು ನಾನು ಬರೆದರೆ, ಆ ಇಲಿ ದಪ್ಪಗಾಗಿದೆಯೋ, ಇಲ್ಲವೇ ಇಲ್ಲವಾಗಿದೆಯೋ? ಯೋಚನೆ ಮಾಡಿ. 'ರೊಟ್ಟಿ ತಿಂದ ಇಲಿ' ಅಂದರೆ ಇಲಿ ತಿಂದಿತು, ಹೊಟ್ಟೆ ತುಂಬಿತು. 'ಬೆಕ್ಕು ತಿಂದ ಇಲಿ' ಅಂದರೆ ಇಲಿಯ ಕತೆಯೇ ಮುಗಿಯಿತು. ಎರಡೂ ಕಡೆ 'ತಿಂದ' ಎಂಬ ಪದ ಒಂದೇ. ತಿಂದವರಾರು, ತಿನ್ನಿಸಿಕೊಂಡವರಾರು ಎಂಬುದನ್ನು ಪಕ್ಕದ ಪದ ಹೇಳಬೇಕೇ ಹೊರತು 'ತಿಂದ' ಎಂಬುದು ತಾನಾಗಿ ಹೇಳುವುದಿಲ್ಲ. 'ತುಪ್ಪ ತಿಂದ ಮೈ' ಅಂದರೆ ತುಂಬಿಕೊಂಡ ಮೈ. 'ಚಿಂತೆ ತಿಂದ ಮೈ' ಅಂದರೆ ಸೊರಗಿದ ಮೈ.

ಲ್ಯಾಟಿನ್ನಿನ 'ಒಬೇಸುಸ್' ಕೂಡ ಇದೇ ಜಾತಿಯದು. ವ್ಯಾಕರಣದ ಪ್ರಕಾರ ಅದರ ನೇರ ಅರ್ಥ 'ತಿನ್ನಿಸಿಕೊಂಡ', ಅಂದರೆ ಸವೆದುಹೋದ, ಬಡಕಲಾದ! ಆದರೆ ಆ ಭಾಷೆಯಲ್ಲಿ 'ಕುಡಿದ', 'ಉಂಡ' ಎಂಬಂಥ ಕೆಲವು ರೂಪಗಳು ಕುಡಿಸಿಕೊಂಡದ್ದನ್ನು, ಉಣ್ಣಿಸಿಕೊಂಡದ್ದನ್ನು ಬಿಟ್ಟು ಕುಡಿದವನನ್ನೂ ಉಂಡವನನ್ನೂ ಹೇಳುವುದುಂಟು. ಜನ 'ಒಬೇಸುಸ್' ಪದವನ್ನು ಆ ಸಾಲಿಗೆ ಸೇರಿಸಿಬಿಟ್ಟರು. ಬಡಕಲು ಎನ್ನಬೇಕಾದ ಪದ ದಪ್ಪ ಎನ್ನತೊಡಗಿತು.

ಇದು ನಾನು ಕಟ್ಟಿದ ಕತೆಯಲ್ಲ. ಹೇಳಿದವನು ರೋಮಿನ ಔಲಸ್ ಗೆಲ್ಲಿಯಸ್. ಕ್ರಿ.ಶ. 2ನೇ ಶತಮಾನದವನು. ನನಗೆ ಈತನ ಮೇಲೆ ಬಹಳ ಪ್ರೀತಿ, ಯಾಕೆಂದರೆ ನಮ್ಮ ಕಸುಬಿನವನು. ಗ್ರೀಸಿನ ಆಥೆನ್ಸ್ ಸುತ್ತಿನ ಅಟ್ಟಿಕಾ ಸೀಮೆಯಲ್ಲಿ ಚಳಿಗಾಲದ ಉದ್ದನೆಯ ರಾತ್ರಿಗಳಲ್ಲಿ, ಓದಿದ್ದು ಕೇಳಿದ್ದನ್ನೆಲ್ಲ ಗುರುತು ಹಾಕಿಕೊಳ್ಳಲು ಶುರುಮಾಡಿದ. ಪುಸ್ತಕಕ್ಕೆ ಇಟ್ಟ ಹೆಸರೂ 'ಅಟ್ಟಿಕಾದ ರಾತ್ರಿಗಳು'. ಯಾರಿಗಾಗಿ ಬರೆದ? ತನ್ನ ಮಕ್ಕಳು ಬಿಡುವಿನಲ್ಲಿ ಓದಿ ಸಂತೋಷಪಡಲಿ ಎಂದು. ಪದಗಳು, ಪ್ರಾಣಿಗಳು, ಕಾನೂನು, ಹಾಸ್ಯ, ಎಲ್ಲ ಕಲಸಿಟ್ಟ ಇಪ್ಪತ್ತು ಭಾಗಗಳ ಪುಸ್ತಕ ಅದು. ಆಗ ವಾರಪತ್ರಿಕೆ ಇದ್ದಿದ್ದರೆ ಆತ ಖಂಡಿತ ಒಂದು ಅಂಕಣ ಹಿಡಿಯುತ್ತಿದ್ದ.

ಅದರ ಹತ್ತೊಂಬತ್ತನೆಯ ಭಾಗದಲ್ಲಿ ಒಂದು ಸಂಜೆಯ ಪ್ರಸಂಗ ಬರುತ್ತದೆ. ಆತನ ಸ್ನೇಹಿತ ಜೂಲಿಯಸ್ ಪಾಲಸ್ ಎಂಬ ಕವಿಗೆ ವ್ಯಾಟಿಕನ್ ಬಯಲಿನಲ್ಲಿ ಒಂದು ಚಿಕ್ಕ ಹಿಡುವಳಿ. ಇವತ್ತು ಪೋಪ್ ಇರುವ ವ್ಯಾಟಿಕನ್ ಸುತ್ತಮುತ್ತಲ ಜಾಗವೇ. ಆಗ ಅದು ಊರಾಚೆಯ ಹೊಲ. ಶರತ್ಕಾಲದ ತಂಪು ದಿನ. ಗೆಲ್ಲಿಯಸ್ ಮತ್ತು ಇನ್ನೊಬ್ಬ ಗೆಳೆಯ ಸೆಲ್ಸಿನಸ್ ಅಲ್ಲಿಗೆ ಊಟಕ್ಕೆ ಹೋದರು. ಪಾಲಸ್ ಸಿರಿವಂತನಲ್ಲ, ಸೊಪ್ಪು ತರಕಾರಿ ಹಣ್ಣುಗಳನ್ನೇ ಪ್ರೀತಿಯಿಂದ ಧಾರಾಳವಾಗಿ ಬಡಿಸುವವನು. ಊಟದ ಹೊತ್ತಿನಲ್ಲಿ ಲೇವಿಯಸ್ ಎಂಬ ಹಳೆಯ ಕವಿಯ ಕಾವ್ಯವನ್ನು ಯಾರೋ ಓದಿದರು. ಹೊತ್ತು ಮುಳುಗುವ ಸಮಯಕ್ಕೆ ಗೆಳೆಯರಿಬ್ಬರೂ ಊರ ಕಡೆ ನಡೆದು ಬರುತ್ತ, ಆ ಕಾವ್ಯದಲ್ಲಿ ಕೇಳಿದ ಹೊಸ ಬಗೆಯ ಪದಗಳನ್ನು ಒಂದೊಂದಾಗಿ ಮೆಲುಕು ಹಾಕಿದರು. 'ಮೆಲುಕು' ಎಂದು ನಾನು ಸೇರಿಸಿದ್ದಲ್ಲ. ದನ ಮೆಲುಕು ಹಾಕುವುದಕ್ಕೆ ಲ್ಯಾಟಿನ್ನಿನಲ್ಲಿ ಯಾವ ಕ್ರಿಯಾಪದವೋ, ಗೆಲ್ಲಿಯಸ್ ಅಲ್ಲಿ ಬಳಸಿರುವುದೂ ಅದನ್ನೇ. ಎಲ್ಲಿಯ ರೋಮು, ಎಲ್ಲಿಯ ನಮ್ಮ ಕೊಟ್ಟಿಗೆ!

ಅವರು ಹಾಗೆ ಮೆಲುಕು ಹಾಕಿದ ಪದಗಳಲ್ಲಿ 'ಒಬೇಸುಸ್' ಒಂದು. ಲೇವಿಯಸ್ ಅದನ್ನು ಮುಪ್ಪಿನಿಂದ ಜರ್ಜರಿತವಾಗಿ, ಎದೆಗೂಡು ಬತ್ತಿಹೋದ ಮೈಯ ಬಗ್ಗೆ ಹೇಳುವಾಗ ಬಳಸಿದ್ದ. ವಯಸ್ಸು ತಿಂದುಹಾಕಿದ ಮೈ. ಗೆಲ್ಲಿಯಸ್ ಬರೆಯುತ್ತಾನೆ: ಕವಿ ಬಳಸಿದ್ದೇ ಸರಿಯಾದ ಅರ್ಥ, ಜನರು ದಪ್ಪಗಿರುವವನಿಗೆ ಈ ಪದ ಬಳಸುತ್ತಾರಲ್ಲ, ಅದು ತಪ್ಪಿ ಹಾಗಾಗಿರಬೇಕು, ಅಥವಾ ಬೇಕೆಂದೇ ಉಲ್ಟಾ ಹೇಳುವ ಪದ್ಧತಿಯಿಂದ ಆಗಿರಬೇಕು. ಉಲ್ಟಾ ಹೇಳುವುದು ನಮ್ಮಲ್ಲೂ ಉಂಟು. ಅಜ್ಜಿಯಂದಿರು ದೀಪ ಆರಿಸು ಎನ್ನುವುದಿಲ್ಲ, 'ದೀಪ ದೊಡ್ಡದು ಮಾಡು' ಎನ್ನುತ್ತಾರೆ.

ಗೆಲ್ಲಿಯಸ್ ಏನೇ ಹೇಳಲಿ, ಜನರೇ ಗೆದ್ದರು. ಪದಗಳ ಲೋಕದಲ್ಲಿ ಯಾವಾಗಲೂ ಗೆಲ್ಲುವುದು ಅವರೇ. ಮೇಷ್ಟರುಗಳಿಗೆ ಇದು ಬೇಸರದ ವಿಷಯ, ಆದರೆ ಏನು ಮಾಡುವುದು.

ಮೊಮ್ಮಗಳು ಇದನ್ನು ಕೇಳಿ ಮೊದಲ ಸಲ ನಕ್ಕಳು. "ಅಂದ್ರೆ ಒಬೀಸ್ ಅಂತ ಬೈದ್ರೆ ಸಣಕಲಿ ಅಂತಾನೂ ಆಗತ್ತೆ!"

ಎರಡು ಸಾವಿರ ವರ್ಷ ಹಿಂದೆ ಹೋದರೆ ಆಗತ್ತೆ, ಅಂದೆ.

ಈ 'ಎಡೆರೆ' ನಮಗೆ ದೂರದ ನೆಂಟನೂ ಹೌದು. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ತಾಯಿಬೇರಿನಿಂದ ಬಂದಿರಬೇಕು ಎಂದು ಭಾಷಣ ಮಾಡಿದ. ಅದಕ್ಕೆ ಚೊಕ್ಕ ಸಾಕ್ಷಿ ಈ ತಿನ್ನುವ ಪದ. ಸಂಸ್ಕೃತದಲ್ಲಿ ತಿನ್ನುವುದಕ್ಕೆ 'ಅದ್' ಎಂಬ ಧಾತು. ಲ್ಯಾಟಿನ್ನಿನ ಎಡೆರೆ, ಇಂಗ್ಲಿಷಿನ ಈಟ್ ಅದರ ಅಣ್ಣತಮ್ಮಂದಿರು. ಆ 'ಅದ್' ಧಾತುವಿನಿಂದಲೇ ನಮ್ಮ 'ಅನ್ನ' ಹುಟ್ಟಿದ್ದು. ತಿನ್ನಲ್ಪಡುವುದು ಅನ್ನ. (ಕನ್ನಡದ್ದೇ ಆದ ತಿನ್ನು, ಉಣ್ಣು ಬೇರೆ ವಂಶದವು. ಅವಕ್ಕೆ ತಮಿಳು ತೆಲುಗಿನಲ್ಲಿ ನೆಂಟರಿದ್ದಾರೆ.) ತೈತ್ತಿರೀಯ ಉಪನಿಷತ್ತು ಅನ್ನಕ್ಕೆ ಅರ್ಥ ಹೇಳುವಾಗ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೀವಿಗಳು ಅದನ್ನು ತಿನ್ನುತ್ತವೆ, ಅದೂ ಜೀವಿಗಳನ್ನು ತಿನ್ನುತ್ತದೆ, ಆದ್ದರಿಂದ ಅದು ಅನ್ನ ಎನ್ನುತ್ತದೆ. ಅಲ್ಲೂ ನೋಡಿ, ತಿಂದವರಾರು ತಿನ್ನಿಸಿಕೊಂಡವರಾರು ಎಂಬ ನಮ್ಮ ಇಲಿಯ ಒಗಟು!

ಇನ್ನು ಲಂಡನ್ನಿನ ಒಬ್ಬ ತಾತನ ಕತೆ. ಹೆಸರು ವಿಲಿಯಂ ಬ್ಯಾಂಟಿಂಗ್. ದೊಡ್ಡ ಮನೆತನಗಳಿಗೆ ಶವಪೆಟ್ಟಿಗೆ, ಶವಯಾತ್ರೆಯ ಏರ್ಪಾಡು ಮಾಡಿಕೊಡುವುದು ಅವರ ಮನೆಯ ಕಸುಬು. 1862ರಲ್ಲಿ ಆತನ ಎತ್ತರ 5 ಅಡಿ 5 ಅಂಗುಲ, ತೂಕ 202 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 92 ಕಿಲೋ. ಬಗ್ಗಿ ಬೂಟಿನ ದಾರ ಕಟ್ಟಲಾಗದು. ಮೆಟ್ಟಿಲಿಳಿಯುವಾಗ ಮಂಡಿಗೆ ಭಾರ ಬೀಳಬಾರದೆಂದು ಹಿಮ್ಮುಖವಾಗಿ, ಮೆಲ್ಲಗೆ ಇಳಿಯಬೇಕು. ನಮ್ಮಲ್ಲೂ ಎಷ್ಟೋ ಅಜ್ಜಿಯರು ಹೀಗೆ ಇಳಿಯುವುದನ್ನು ನೀವು ನೋಡಿರುತ್ತೀರಿ. ಯಾವ ವೈದ್ಯ ಹೇಳಿದ್ದೂ ಫಲ ಕೊಡಲಿಲ್ಲ. ದೋಣಿ ಹುಟ್ಟು ಹಾಕು ಅಂದರು, ಹಾಕಿದ. ಹಸಿವು ಹೆಚ್ಚಾಗಿ ಇನ್ನಷ್ಟು ತಿಂದ. ಕೊನೆಗೆ ಕಿವಿ ಕೇಳುತ್ತಿಲ್ಲವೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನ ಬಳಿ ಹೋದಾಗ ಆತ ಕಿವಿ ಬಿಟ್ಟು ತಟ್ಟೆ ನೋಡಿದ. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಡು ಅಂದ. ಬ್ಯಾಂಟಿಂಗ್ ಬಿಟ್ಟ. ಒಂದು ವರ್ಷದಲ್ಲಿ 46 ಪೌಂಡು ಇಳಿದ. (ಆತ ಮುಂದಕ್ಕೆ ತಿಂದದ್ದು ದಿನಕ್ಕೆ ಮೂರು ಹೊತ್ತು ಮಾಂಸ ಮೀನು, ಜೊತೆಗೆ ದ್ರಾಕ್ಷಾರಸ. ನೀವು ಯಾರೂ ಅದನ್ನು ಅನುಸರಿಸಬೇಕಾಗಿಲ್ಲ.)

1863ರಲ್ಲಿ ಆತ ತನ್ನ ಅನುಭವವನ್ನು ಚಿಕ್ಕ ಪುಸ್ತಕ ಮಾಡಿ, ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿ ಹಂಚಿದ. ಅದೆಷ್ಟು ಜನಪ್ರಿಯವಾಯಿತೆಂದರೆ, ಊಟ ಕಡಿಮೆ ಮಾಡಿ ತೂಕ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ 'ಬ್ಯಾಂಟ್ ಮಾಡು' ಎಂದೇ ಹೇಳತೊಡಗಿದರು. ಇಂಗ್ಲಿಷಿನವರು ಅದನ್ನು ಮರೆತರೂ, ಸ್ವೀಡನ್ನಿನಲ್ಲಿ ಇವತ್ತಿಗೂ ಪಥ್ಯ ಮಾಡುವುದಕ್ಕೆ 'ಬಾಂಟಾ' ಅನ್ನುತ್ತಾರೆ. ಪಾಪ, ಒಬ್ಬ ಮನುಷ್ಯ ಕ್ರಿಯಾಪದವಾಗಿಬಿಟ್ಟ.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ತೂಕದ ಲೆಕ್ಕವಲ್ಲ. ಬ್ಯಾಂಟಿಂಗ್ ಒಬೀಸಿಟಿಯನ್ನು ಒಂದು ಪರೋಪಜೀವಿ ಎಂದು ಕರೆಯುತ್ತಾನೆ. ಅಂದರೆ ಹೇನು, ಜಂತುಹುಳುವಿನ ಹಾಗೆ ನಮ್ಮ ಮೈಯಲ್ಲಿದ್ದು ನಮ್ಮನ್ನೇ ತಿನ್ನುವಂಥದು! ಲೇವಿಯಸ್ ಕವಿಯ ಅರ್ಥ ಬೇರೆ ದಾರಿಯಿಂದ ತಿರುಗಿ ಬಂತಲ್ಲ. ಇನ್ನೊಂದು ಕಡೆ ಆತ ಹೇಳುತ್ತಾನೆ, ಸಭೆಗಳಲ್ಲಿ, ಗಾಡಿಗಳಲ್ಲಿ, ಬೀದಿಯಲ್ಲಿ ಜನ ಆಡುವ ಕೊಂಕುಮಾತು ತಾಕದಷ್ಟು ದಪ್ಪ ಚರ್ಮ ಯಾವ ದಪ್ಪ ಮನುಷ್ಯನಿಗೂ ಇರುವುದಿಲ್ಲ ಎಂಬರ್ಥದಲ್ಲಿ. 66 ವರ್ಷದ, ಹಣ ಹೆಸರು ಎಲ್ಲ ಇದ್ದ ಮನುಷ್ಯ ಇದನ್ನು ಬರೆಯುತ್ತಾನೆ. ನಮ್ಮ ಹುಡುಗಿಗೆ ಹನ್ನೊಂದು. ಹಿಂದಿನ ಬೆಂಚಿನವರು ಜೋರಾಗಿ ಓದಿದರೆ ಊಟ ಸೇರೀತೆ?

ಇಷ್ಟೆಲ್ಲ ಪರದೇಶದ ಪದದ ಮಾತಾಯಿತು, ನಮ್ಮದೇನು ಎಂದು ಕೇಳುತ್ತೀರಿ. ನಮ್ಮಲ್ಲಿ ಪದಗಳಿಗೆ ಬಡತನವೇ ಇಲ್ಲ. ದಪ್ಪ, ತೋರ, ದಢೂತಿ, ಡುಮ್ಮ, ಗುಂಡ, ಡೊಳ್ಳುಹೊಟ್ಟೆ, ಗುಡಾಣಹೊಟ್ಟೆ, ಮೈಕೈ ತುಂಬಿಕೊಂಡ, ಸ್ಥೂಲಕಾಯ. ಪತ್ರಿಕೆಗಳು ಒಬೀಸಿಟಿಗೆ ಸಾಮಾನ್ಯವಾಗಿ ಬಳಸುವುದು 'ಬೊಜ್ಜು'. ತೆಲುಗಿನಲ್ಲಿ 'ಬೊಜ್ಜ' ಎಂದರೆ ಹೊಟ್ಟೆ. ಅಲ್ಲಿನ ಮಕ್ಕಳು ಗಣಪತಿಯನ್ನು 'ಬೊಜ್ಜ ಗಣಪಯ್ಯ' ಎಂದು ಮುದ್ದಾಗಿ ಕರೆಯುತ್ತಾರೆ. ಸಂಸ್ಕೃತದ ಲಂಬೋದರನೂ ಅದೇ ತಾನೆ, ಇಳಿಬಿದ್ದ ಹೊಟ್ಟೆಯವನು. ಕಡುಬು ಕೊಟ್ಟು ಕೈಮುಗಿಯುವ ದೇವರಿಗೆ ಈ ಹೆಸರು ಭೂಷಣ, ಶಾಲೆಯ ಮಗುವಿಗೆ ಅಡ್ಡಹೆಸರು. ವಿಚಿತ್ರವಲ್ಲವೆ? ದಪ್ಪ ಎಂಬ ಪದವನ್ನೇ ನೋಡಿ. ದಪ್ಪ ಪುಸ್ತಕ, ದಪ್ಪ ಅಕ್ಷರ, ದಪ್ಪ ಮೆಣಸಿನಕಾಯಿ. ಮೆಣಸಿನಕಾಯಿ ಎಂದಾದರೂ ಬೇಜಾರು ಮಾಡಿಕೊಂಡಿದೆಯೆ?

'ಕೊಬ್ಬು' ಎಂಬ ಪದದಲ್ಲಿ ಇನ್ನೊಂದು ತಮಾಷೆ. ಹಳಗನ್ನಡದಲ್ಲಿ ಇದು ಕೊರ್ವು. ಮೂಲದಲ್ಲಿ ಮೈಯೊಳಗಿನ ಜಿಡ್ಡು. ಆದರೆ "ಅವನಿಗೆ ಕೊಬ್ಬು ಜಾಸ್ತಿ" ಎಂದಾಗ ನಾವು ಹೇಳುವುದು ತೂಕದ ಮಾತಲ್ಲ, ಸೊಕ್ಕಿನ ಮಾತು. ತಮಿಳಿನ ಕೊಳುಪ್ಪಿಗೂ ಇದೇ ಎರಡರ್ಥ. ಇಂಗ್ಲಿಷಿನಲ್ಲಿ ದಪ್ಪಗಿರುವವರನ್ನು ಸ್ವಲ್ಪ ಮರ್ಯಾದೆಯಾಗಿ ಹೇಳಲು 'ಸ್ಟೌಟ್' ಎಂಬ ಪದವಿದೆ. ಅದು ಮೊದಲು ಹೇಳುತ್ತಿದ್ದುದು ಹೆಮ್ಮೆಯವನು, ಕೆಚ್ಚಿನವನು ಎಂದು. ಆಮೇಲೆ ಗಟ್ಟಿಮುಟ್ಟು ಎಂದಾಯಿತು, ಕೊನೆಗೆ ದಪ್ಪ. ನಮ್ಮ ಕೊಬ್ಬು ಮೈಯಿಂದ ಸೊಕ್ಕಿಗೆ ಹೋಯಿತು, ಅವರ ಸ್ಟೌಟ್ ಸೊಕ್ಕಿನಿಂದ ಮೈಗೆ ಬಂತು. ದಾರಿಯಲ್ಲಿ ಎಲ್ಲೋ ಎದುರುಬದುರಾಗಿ ನಮಸ್ಕಾರ ಮಾಡಿಕೊಂಡಿರಬೇಕು.

ಜಿಡ್ಡಿಗೆ ಒಳ್ಳೆಯ ಹೆಸರೂ ಇದೆ. ಸಂಸ್ಕೃತದಲ್ಲಿ ಎಣ್ಣೆ, ತುಪ್ಪ, ಕೊಬ್ಬಿಗೆ 'ಸ್ನೇಹ' ಎನ್ನುತ್ತಾರೆ. ಆಯುರ್ವೇದದಲ್ಲಿ ತುಪ್ಪ ಕುಡಿಸುವುದು ಸ್ನೇಹಪಾನ. ಅಂಟಿಕೊಳ್ಳುವ ಗುಣದಿಂದಲೇ ಅದು ಪ್ರೀತಿ, ಗೆಳೆತನ ಎಂಬ ಅರ್ಥ ಪಡೆಯಿತು. ನಮ್ಮ ಮನೆಯಾಕೆ ಮುದ್ದೆಯ ಮೇಲೆ ಎರಡನೇ ಚಮಚ ತುಪ್ಪ ಹಾಕುವಾಗ ಎರಡೂ ಅರ್ಥದ ಸ್ನೇಹ ಒಟ್ಟಿಗೇ ಬೀಳುತ್ತದೆ. ಅದಕ್ಕೇ ಅದನ್ನು ಬೇಡ ಎನ್ನುವುದು ಕಷ್ಟ.

ಚರಕಸಂಹಿತೆಯಲ್ಲಿ ಒಂದು ಅಧ್ಯಾಯದ ಹೆಸರು 'ಅಷ್ಟೌನಿಂದಿತೀಯ', ಅಂದರೆ ನಿಂದೆಗೆ ಒಳಗಾಗುವ ಎಂಟು ಜನರ ಕುರಿತದ್ದು. ತೀರ ಎತ್ತರದವನು, ತೀರ ಗಿಡ್ಡನು, ಮೈತುಂಬ ಕೂದಲಿನವನು, ಕೂದಲೇ ಇಲ್ಲದವನು, ತೀರ ಕಪ್ಪಗಿರುವವನು, ತೀರ ಬೆಳ್ಳಗಿರುವವನು, ತೀರ ದಪ್ಪನು, ತೀರ ಸಣಕಲನು. ಪಟ್ಟಿಯಲ್ಲಿ ಯಾರೂ ಉಳಿದಂತಿಲ್ಲ, ನೋಡಿ! ಜನ ಆಗಲೂ ಹಾಗೇ ಇದ್ದರು. ಆದರೆ ವೈದ್ಯ ಇಷ್ಟು ಹೆಸರು ಹೇಳಿ, ಎತ್ತರ ಬಣ್ಣ ಕೂದಲಿನ ಆರು ಮಂದಿಯನ್ನು ಅಲ್ಲೇ ಬಿಡುತ್ತಾನೆ. ಅದು ಕಾಯಿಲೆಯಲ್ಲ. ಮುಂದಿನ ಮಾತೆಲ್ಲ ದಪ್ಪ, ಸಣಕಲು ಈ ಇಬ್ಬರ ಬಗ್ಗೆಯೇ, ಯಾಕೆಂದರೆ ಇಬ್ಬರಿಗೂ ಉಪಚಾರ ಬೇಕು. ದಪ್ಪವಾಗುವುದಕ್ಕೆ ಕಾರಣ ಹೇಳುವಾಗ ಅತಿಯಾದ ಊಟ, ಸಿಹಿ, ಜಿಡ್ಡು, ಹಗಲು ನಿದ್ದೆ, ಮೈ ಆಡಿಸದಿರುವುದು ಎಲ್ಲ ಹೇಳಿ, ಹುಟ್ಟಿನ ಬೀಜದಿಂದಲೇ ಬರುವುದೂ ಉಂಟು ಎಂದು ಸೇರಿಸುತ್ತಾನೆ. ಇದನ್ನು ಮೊಮ್ಮಗಳಿಗೆ ಎರಡು ಸಲ ಓದಿ ಹೇಳಿದೆ. 'ತಿಂದುಹಾಕಿದವಳು' ಎಂಬುದೊಂದೇ ಕಾರಣವಲ್ಲ ಎಂದು ಅಷ್ಟು ಹಿಂದೆಯೇ ಗೊತ್ತಿತ್ತಲ್ಲ.

ಶನಿವಾರ ಅವಳನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕಾರ್ಡು ನೋಡಿ, ಚಪ್ಪಲಿ ಬಿಚ್ಚಿಸಿ, ಗೋಡೆಗೆ ಒರಗಿಸಿ ಎತ್ತರ ತಾವೇ ಅಳೆದರು. ಕಾರ್ಡಿನಲ್ಲಿ ಆರು ಸೆಂಟಿಮೀಟರು ಕಡಿಮೆ ಬರೆದಿತ್ತು! ಗದ್ದಲದಲ್ಲಿ ಯಾರೋ ತಪ್ಪಿ ಬರೆದಿರಬೇಕು. ಆರು ಸೆಂಟಿಮೀಟರಿಗೆ ಅಷ್ಟೇನು ಎನ್ನಬೇಡಿ. ಈ ಲೆಕ್ಕದಲ್ಲಿ ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸುತ್ತಾರೆ, ಆದ್ದರಿಂದ ಎತ್ತರದ ತಪ್ಪು ಎರಡು ಸಲ ಕೂತುಬಿಡುತ್ತದೆ. 19ನೇ ಶತಮಾನದಲ್ಲಿ ಈ ಭಾಗಾಕಾರ ಹುಡುಕಿದ ಬೆಲ್ಜಿಯಮ್ಮಿನ ಕೆಟಲೆ ವೈದ್ಯನಲ್ಲ, ನಕ್ಷತ್ರ ನೋಡುವ ಖಗೋಳಜ್ಞ. ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು 1972ರಲ್ಲಿ ಹೆಸರಿಟ್ಟವನು ಅಮೆರಿಕದ ಆನ್ಸೆಲ್ ಕೀಸ್.

ಮಕ್ಕಳಿಗೆ ಆ ಸಂಖ್ಯೆಯೊಂದೇ ಸಾಲದು, ವಯಸ್ಸಿಗೆ ತಕ್ಕಂತೆ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ನಕ್ಷೆ ಇದೆ ಎಂದು ಡಾಕ್ಟರಮ್ಮ ತೋರಿಸಿದರು. ಹೊಸ ಎತ್ತರ ಹಾಕಿ ಚುಕ್ಕಿ ಇಟ್ಟಾಗ ಅದು ಒಂದು ಗೆರೆ ಕೆಳಗೆ ಬಂತು. 'ಒಬೀಸ್' ಅಲ್ಲ, 'ತೂಕ ಸ್ವಲ್ಪ ಹೆಚ್ಚು'. ಹಾಗೆಂದು ಬಿಟ್ಟುಬಿಡುವಂತಿಲ್ಲ ಎಂದೂ ಹೇಳಿದರು. ಬೆಳೆಯುವ ವಯಸ್ಸು, ಊಟ ಬಿಡಿಸಬೇಡಿ, ಉಪವಾಸ ಗಿಪವಾಸ ಕೂಡದು. ಬಾಟಲಿಯ ಸಿಹಿ ಪಾನೀಯ, ಪ್ಯಾಕೆಟ್ಟಿನ ಕುರುಕಲು ನಿಲ್ಲಿಸಿ, ದಿನಾ ಸಂಜೆ ಒಂದು ಗಂಟೆ ಆಡಲಿ. ಆಮೇಲೆ ನನ್ನ ಕಡೆ ತಿರುಗಿ, "ಆಟಕ್ಕೆ ಬಿಡದೆ ಟ್ಯೂಷನ್ನಿಗೆ ಕಳಿಸೋರು ಯಾರು?" ಎಂದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

ಮನೆಗೆ ಬಂದು ಮೊಮ್ಮಗಳು ನನ್ನ ಲೆಕ್ಕ ಹಾಕಿದಳು. ತೂಕ 64 ಕಿಲೋ, ಎತ್ತರ 1.6 ಮೀಟರ್. 64ನ್ನು 1.6ರಿಂದ ಭಾಗಿಸಿದರೆ 40. ಮತ್ತೆ 1.6ರಿಂದ ಭಾಗಿಸಿದರೆ 25. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ ದೊಡ್ಡವರಿಗೆ 25ರಿಂದ ಹೆಚ್ಚು ತೂಕ, 30ರಿಂದ ಒಬೀಸಿಟಿ. ಆದರೆ ನಮ್ಮ ಮೈಯಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಬೊಜ್ಜು ಸೇರಿ ಸಕ್ಕರೆ ಕಾಯಿಲೆ ಬರುವುದರಿಂದ, ಭಾರತದ ವೈದ್ಯರು 2009ರಲ್ಲಿ ಈ ಗೆರೆಗಳನ್ನು 23ಕ್ಕೂ 25ಕ್ಕೂ ಇಳಿಸಿದರು. ಅಂದರೆ...

"ತಾತ, ನೀನೇ ಒಬೀಸ್!" ಎಂದು ಮನೆಯೆಲ್ಲ ಕುಣಿದಳು. ಆಟಕ್ಕೆ ಹೋಗುವ ಮುನ್ನವೇ ಅರ್ಧ ಗಂಟೆಯ ವ್ಯಾಯಾಮ ಆಯಿತು.

ಕುಣಿದು ಸುಸ್ತಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಮನಸ್ಸಿನಲ್ಲಿದ್ದ ಒಂದು ಮಾತು ಹೇಳಿದೆ. ನೆಗಡಿಗೆ ನಾವು 'ನೆಗಡಿ ಆಗಿದೆ' ಅನ್ನುತ್ತೇವೆ, ಜ್ವರಕ್ಕೆ 'ಜ್ವರ ಬಂದಿದೆ' ಅನ್ನುತ್ತೇವೆ. 'ಅವಳು ಜ್ವರ' ಎಂದು ಯಾರೂ ಅನ್ನುವುದಿಲ್ಲ. ಕನ್ನಡದಲ್ಲಿ ಬೊಜ್ಜಿಗೂ ಹಾಗೇ, 'ಬೊಜ್ಜು ಬಂದಿದೆ'. ಕಾರ್ಡಿನ ಪದ ಮಾತ್ರ ಅದನ್ನು ಹುಡುಗಿಯ ಹೆಸರಿನ ಹಾಗೆ ಬರೆದಿತ್ತು. ಇಂಗ್ಲಿಷಿನ ವೈದ್ಯಪತ್ರಿಕೆಗಳೂ ಈಚೆಗೆ 'ಒಬೀಸ್ ಮಗು' ಎಂದು ಬರೆಯುವ ಬದಲು 'ಒಬೀಸಿಟಿ ಇರುವ ಮಗು' ಎಂದು ಬರೆಯುತ್ತಿವೆ. ನಮ್ಮ ಅಜ್ಜಿಯರ ವ್ಯಾಕರಣ ಮೊದಲೇ ಅಲ್ಲಿತ್ತು.

"ಮತ್ತೆ ಗುಂಡಮ್ಮ?" ಎಂದಳು. ಮರೆತಿರಲಿಲ್ಲ.

ಗುಂಡಮ್ಮ ಅಂದರೆ ಕಾರ್ಡಿನ ಪದವಲ್ಲ, ನೀನು ಹುಟ್ಟಿದಾಗ ಕೆನ್ನೆ ನೋಡಿ ಇಟ್ಟದ್ದು, ಎಂದೆ. ಬೇಡ ಅಂದರೆ ಇವತ್ತೇ ಬಿಡ್ತೀನಿ.

ತುಂಬ ಹೊತ್ತು ಯೋಚನೆ ಮಾಡಿದಳು. ನಾನು ನಿಜಕ್ಕೂ ಹೆದರಿಕೊಂಡು ಕಾದೆ. ಹನ್ನೊಂದು ವರ್ಷದಿಂದ ಕರೆದ ಹೆಸರು.

"ಮನೇಲಿ ಕರಿ. ಗೇಟಿನ ಆಚೆ ಬೇಡ."

ಸೋಮವಾರ ಕಾರ್ಡಿಗೆ ಸಹಿ ಹಾಕಿದೆ. ಪಕ್ಕದಲ್ಲಿ ಡಾಕ್ಟರಮ್ಮ ಅಳೆದ ಎತ್ತರವನ್ನು ಸ್ಪಷ್ಟವಾಗಿ ಬರೆದು, ಅವರ ಚೀಟಿಯನ್ನು ಪಿನ್ನು ಹಾಕಿ ಕಳಿಸಿದೆ. ಸಂಜೆ ಐದರಿಂದ ಆರು ನಮ್ಮ ಬೀದಿಯಲ್ಲಿ ಈಗ ಕುಂಟೆಬಿಲ್ಲೆ ನಡೆಯುತ್ತಿದೆ. ನಾನೂ ಬೀದಿಯ ಕೊನೆಯ ತನಕ ನಾಲ್ಕು ಸುತ್ತು ಹಾಕುತ್ತೇನೆ, 25ನ್ನು ಇಳಿಸಬೇಕಲ್ಲ.

ಮುಂದಿನ ವಾರ ಕೊಡೆ, ಈ ಸಲ ಖಂಡಿತ. ಅಷ್ಟರಲ್ಲಿ ನಿಮ್ಮ ಊರಿನಲ್ಲಿ ದಪ್ಪ, ಸಣಕಲು ಎನ್ನುವುದಕ್ಕೆ ಬಳಸುವ ಬೇರೆ ಪದಗಳಿದ್ದರೆ ಕಾರ್ಡಿನಲ್ಲಿ ಬರೆದು ಕಳಿಸಿ. ಯಾರನ್ನು ಹಾಗೆ ಕರೆಯುತ್ತೀರಿ ಎಂಬ ಹೆಸರು ಮಾತ್ರ ಬೇಡ.